ಗಂಗ್ನಮ್ ಸ್ಟೈಲ್

ಗಂಗ್ನಮ್ ಸ್ಟೈಲ್ ದಕ್ಷಿಣ ಕೊರಿಯಾದ ರ‍್ಯಾಪ್ ಗಾಯಕ ಸೈ ರಚಿಸಿ ಹಾಡಿರುವ ಒಂದು ವಿಡಂಬನಾತ್ಮಕ ಗೀತೆ. ಹಿಪ್ ಹಾಪ್ ಶೈಲಿಯ ಮಾತುಗಾರಿಕೆಯನ್ನು ನೃತ್ಯಸಂಗೀತದೊಂದಿಗೆ ಬೆರೆಸಿರುವ ಈ ಹಾಡು 2012ರ ಜುಲೈ 15ರಂದು ಬಿಡುಗಡೆಯಾಯಿತು. ಸೋಲ್ ನಗರದ ಗಂಗ್ನಮ್ ಎಂಬ ಸಿರಿವಂತ ಬಡಾವಣೆಯ ಠೀವಿಯನ್ನೂ, ಆ ಠೀವಿಯನ್ನು ಅನುಕರಿಸಲು ಹೆಣಗುವವರನ್ನೂ ಇದು ಹಾಸ್ಯಕ್ಕೆ ಗುರಿಮಾಡುತ್ತದೆ. 2012ರ ಡಿಸೆಂಬರ್ 21ರಂದು ಈ ಹಾಡಿನ ದೃಶ್ಯಾವಳಿಯು ಯೂಟ್ಯೂಬ್‌ನಲ್ಲಿ 100 ಕೋಟಿ ವೀಕ್ಷಣೆಗಳನ್ನು ಪಡೆದ ಮೊದಲ ವಿಡಿಯೊ ಎನಿಸಿತು. ಕೊರಿಯನ್ ಭಾಷೆಯ ಗಂಧವೇ ಇಲ್ಲದ ಕೋಟ್ಯಂತರ ಜನರು ಈ ಹಾಡಿಗೆ ಕುಣಿದರು. ಆದರೆ ಅದರೊಳಗಿನ ವಿಡಂಬನೆ ಅವರಲ್ಲಿ ಎಷ್ಟು ಮಂದಿಗೆ ತಲುಪಿತು ಎಂಬುದು ಹಾಡಿನ ಕುರಿತ ಚರ್ಚೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆ.

ಗಾಯಕನ ಹಿನ್ನೆಲೆ

ಸೈ ಎಂಬುದು ಪಾರ್ಕ್ ಜೇ-ಸಾಂಗ್ ಅವರ ರಂಗನಾಮ. 1977ರ ಡಿಸೆಂಬರ್ 31ರಂದು ಜನಿಸಿದ ಅವರು ಗಂಗ್ನಮ್‌ನ ಅನುಕೂಲಸ್ಥ ಕುಟುಂಬದವರೇ. ಅವರ ತಂದೆ ಅರೆವಾಹಕ ತಯಾರಿಕೆಗೆ ಬೇಕಾದ ಉಪಕರಣಗಳ ಉದ್ಯಮಿ. ಪಾರ್ಕ್ ಉನ್ನತ ವ್ಯಾಸಂಗಕ್ಕಾಗಿ ಅಮೆರಿಕದ ಬಾಸ್ಟನ್‌ಗೆ ತೆರಳಿದರಾದರೂ ವ್ಯವಹಾರಶಾಸ್ತ್ರಕ್ಕಿಂತ ಸಂಗೀತವೇ ಅವರನ್ನು ಸೆಳೆಯಿತು. ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಕೆಲಕಾಲ ಕಲಿತು, ಪದವಿ ಪಡೆಯದೆಯೇ ತಾಯ್ನಾಡಿಗೆ ಮರಳಿದರು.

2001ರಲ್ಲಿ ಹೊರಬಂದ ಅವರ ಮೊದಲ ಧ್ವನಿಸಂಪುಟದಲ್ಲಿ ಅನುಚಿತ ವಿಷಯಗಳಿವೆ ಎಂದು ದಂಡ ವಿಧಿಸಲಾಯಿತು. ಮರುವರ್ಷ ಬಂದ ಎರಡನೆಯ ಸಂಪುಟವನ್ನು 19 ವರ್ಷದೊಳಗಿನವರಿಗೆ ಮಾರಬಾರದೆಂದು ನಿರ್ಬಂಧಿಸಲಾಯಿತು. ಕಡ್ಡಾಯ ಸೈನಿಕ ಸೇವೆಗೆ ಬದಲಾಗಿ ಮಾಡಿದ ಔದ್ಯಮಿಕ ಸೇವೆಯಲ್ಲಿ ನಿರ್ಲಕ್ಷ್ಯ ತೋರಿದರೆಂಬ ಕಾರಣಕ್ಕೆ ಅವರನ್ನು 2007ರ ಕೊನೆಯಲ್ಲಿ ಪುನಃ ಸೇನೆಗೆ ಕರೆಸಿಕೊಳ್ಳಲಾಯಿತು. 2009ರಲ್ಲಿ ಆ ಸೇವೆ ಮುಗಿಸಿ, 2010ರಲ್ಲಿ ವೈಜಿ ಎಂಟರ್‌ಟೈನ್‌ಮೆಂಟ್ ಸಂಸ್ಥೆಯನ್ನು ಸೇರಿದರು. ಕೊರಿಯಾದ ಜನಪ್ರಿಯ ಸಂಗೀತೋದ್ಯಮವು ಚಿಕ್ಕ ವಯಸ್ಸಿನಿಂದಲೇ ಪಳಗಿಸಿದ ಸುಂದರ ತರುಣ ತರುಣಿಯರ ತಂಡಗಳಿಗೆ ಹೆಸರಾದದ್ದು. ಮೂವತ್ತು ದಾಟಿದ, ಸ್ಥೂಲಕಾಯದ, ಹಾಸ್ಯಪ್ರವೃತ್ತಿಯ ಸೈ ಆ ಅಚ್ಚಿಗೆ ಒಗ್ಗುವವರಾಗಿರಲಿಲ್ಲ.

ಗಂಗ್ನಮ್ ಎಂಬ ಸ್ಥಳ

ಕೊರಿಯನ್ ಭಾಷೆಯಲ್ಲಿ ‘ಗಂಗ್’ ಎಂದರೆ ನದಿ, ‘ನಮ್’ ಎಂದರೆ ದಕ್ಷಿಣ. ಸೋಲ್ ನಗರವನ್ನು ಇಬ್ಭಾಗಿಸಿ ಹರಿಯುವ ಹಾನ್ ನದಿಯ ದಕ್ಷಿಣ ದಂಡೆಯ ಪ್ರದೇಶವೇ ಗಂಗ್ನಮ್. 1960ರ ದಶಕದವರೆಗೂ ಇಲ್ಲಿ ಹೊಲಗದ್ದೆಗಳೂ ತೋಟಗಳೂ ಇದ್ದವು. 1969ರಲ್ಲಿ ಹಾನ್ನಮ್ ಸೇತುವೆಯೂ 1970ರಲ್ಲಿ ಸೋಲ್ ಮತ್ತು ಬುಸಾನ್ ನಗರಗಳ ನಡುವಿನ ಹೆದ್ದಾರಿಯೂ ಸಿದ್ಧವಾದ ಬಳಿಕ ಪ್ರದೇಶದ ಚಹರೆ ಬದಲಾಯಿತು. ಸರ್ಕಾರವು ಬಹುಮಹಡಿ ವಸತಿ ಸಮುಚ್ಚಯಗಳಿಗೆ ಉತ್ತೇಜನ ನೀಡಿತು. ನದಿಯ ಉತ್ತರ ಭಾಗದಲ್ಲಿದ್ದ ಪ್ರತಿಷ್ಠಿತ ಪ್ರೌಢಶಾಲೆಗಳನ್ನು ದಕ್ಷಿಣಕ್ಕೆ ಸ್ಥಳಾಂತರಿಸಿತು. ಶಾಲೆಗಳ ಹಿಂದೆಯೇ ಉಳ್ಳವರ ಕುಟುಂಬಗಳೂ ಮನೆಪಾಠದ ಕೇಂದ್ರಗಳೂ ಬಂದವು. ಭೂಮಿಯ ಬೆಲೆ ಗಗನಕ್ಕೇರಿತು. ಒಂದೇ ತಲೆಮಾರಿನಲ್ಲಿ ಹೊಲವಿದ್ದಲ್ಲಿ ದುಬಾರಿ ಉಡುಪಿನ ಮಳಿಗೆಗಳೂ ಸೌಂದರ್ಯ ಶಸ್ತ್ರಚಿಕಿತ್ಸಾಲಯಗಳೂ ತಲೆಯೆತ್ತಿದವು. ಹೀಗಾಗಿ ‘ಗಂಗ್ನಮ್’ ಎಂಬ ಹೆಸರು ಕೊರಿಯನ್ನರಿಗೆ ಒಂದು ಬಡಾವಣೆಯನ್ನು ಸೂಚಿಸುವಂತೆಯೇ ಹೊಸ ಸಿರಿವಂತಿಕೆಯನ್ನೂ ಅದು ಹುಟ್ಟಿಸುವ ಅಸೂಯೆಯನ್ನೂ ಸೂಚಿಸುತ್ತದೆ.

ವಿಡಂಬನೆಯ ಸ್ವರೂಪ

ಹಾಡಿನ ನಿರೂಪಕನು ತಾನು ಗಂಗ್ನಮ್ ಶೈಲಿಯವನೆಂದು ಸಾರಿಕೊಳ್ಳುತ್ತಾನೆ. ಹಗಲಿನಲ್ಲಿ ಸಂಯಮದಿಂದ ಕಾಫಿ ಹೀರುತ್ತಾ ರಾತ್ರಿಯಾದೊಡನೆ ಉಲ್ಲಾಸದಿಂದ ಅರಳುವ ಹೆಣ್ಣು ತನಗೆ ಮೆಚ್ಚು ಎನ್ನುತ್ತಾನೆ. ತನ್ನ ಗುಣಗಳನ್ನೂ ಅದೇ ಧಾಟಿಯಲ್ಲಿ ಬಣ್ಣಿಸುತ್ತಾನೆ. ಆದರೆ ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ಮುಗಿಸುವವನು ತಾನು ಎಂದು ಆತ ಹೇಳುವಾಗ, ನಾಜೂಕಿನ ಆ ಲೋಕಕ್ಕೆ ಈತ ಸೇರಿದವನಲ್ಲ ಎಂಬುದು ಕೇಳುಗನಿಗೆ ಹೊಳೆಯುತ್ತದೆ. ನಿಜವಾದ ಗಂಗ್ನಮ್ ನಿವಾಸಿಗಳು ಹಾಗೆಂದು ಹೇಳಿಕೊಳ್ಳುವುದಿಲ್ಲ, ಹೇಳಿಕೊಳ್ಳುವವರು ಹಾಗೆ ಕಾಣಲು ಬಯಸುವವರು ಮಾತ್ರ ಎಂಬ ಅರ್ಥದಲ್ಲಿ ಸೈ ಸಂದರ್ಶನಗಳಲ್ಲಿ ವಿವರಿಸಿದ್ದಾರೆ.

ಪಲ್ಲವಿಯಲ್ಲಿ ಬರುವ ‘ಒಪ್ಪಾ’ ಎಂಬ ಪದಕ್ಕೆ ‘ಅಣ್ಣ’ ಎಂದು ಅರ್ಥ. ಹೆಣ್ಣುಮಕ್ಕಳು ಅಣ್ಣನನ್ನು ಕರೆಯುವ ಈ ಸಂಬೋಧನೆಯನ್ನು ತಮಗಿಂತ ಹಿರಿಯನಾದ ಪ್ರಿಯಕರನಿಗೂ ಬಳಸುವುದು ಕೊರಿಯಾದ ರೂಢಿ. ಕನ್ನಡದ ‘ಅಣ್ಣ’ ಪದಕ್ಕೆ ಈ ಎರಡನೆಯ ಅರ್ಥಚ್ಛಾಯೆ ಇಲ್ಲದಿರುವುದರಿಂದ ಪಲ್ಲವಿಯನ್ನು ಪದಶಃ ಕನ್ನಡಿಸಿದರೆ ಅದರ ಸರಸವೇ ನಷ್ಟವಾಗುತ್ತದೆ.

ಕಾಫಿಯ ಉಲ್ಲೇಖಕ್ಕೂ ಸಾಮಾಜಿಕ ಹಿನ್ನೆಲೆಯಿದೆ. ಅಗ್ಗದ ಸೋಯಾ ಹಿಟ್ಟಿನ ಸಾರು ಉಂಡು, ಉಳಿಸಿದ ಹಣದಲ್ಲಿ ದುಬಾರಿ ಕಾಫಿಯನ್ನೂ ಕೈಚೀಲವನ್ನೂ ಕೊಳ್ಳುವ ಯುವತಿಯನ್ನು ಮೂದಲಿಸಲು ‘ದ್ವೆಂಜಾಂಗ್ ಹೆಣ್ಣು’ ಎಂಬ ಮಾತು ಕೊರಿಯಾದಲ್ಲಿ ಅದಕ್ಕೂ ಕೆಲವು ವರ್ಷಗಳ ಹಿಂದೆಯೇ ಚಾಲ್ತಿಗೆ ಬಂದಿತ್ತು. ದ್ವೆಂಜಾಂಗ್ ಎಂದರೆ ಹುದುಗಿಸಿದ ಸೋಯಾ ಅವರೆಯ ಹಿಟ್ಟು. ಆಡಂಬರದ ದೋಷವನ್ನು ಹೆಂಗಸರ ತಲೆಗೆ ಮಾತ್ರ ಕಟ್ಟುವ ಸ್ತ್ರೀದ್ವೇಷದ ಮಾತಿದು ಎಂಬ ಆಕ್ಷೇಪವೂ ಇದೆ. ಸೈ ಅವರ ಹಾಡಿನಲ್ಲಿ ಹಾಸ್ಯಕ್ಕೆ ಮುಖ್ಯವಾಗಿ ಗುರಿಯಾಗುವವನು ಗಂಡು ನಿರೂಪಕನೇ ಎಂಬುದು ಗಮನಾರ್ಹ.

ಈ ಹಾಸ್ಯದ ಹಿಂದೆ ಸಾಲದ ಕಥೆಯೂ ಇದೆ. 1997ರ ಏಷ್ಯಾ ಆರ್ಥಿಕ ಬಿಕ್ಕಟ್ಟಿನ ನಂತರ ಕೊರಿಯಾ ಸರ್ಕಾರವು ಖರೀದಿಯನ್ನು ಹೆಚ್ಚಿಸಲೆಂದು ತೆರಿಗೆ ರಿಯಾಯಿತಿ ಕೊಟ್ಟು ಕ್ರೆಡಿಟ್ ಕಾರ್ಡ್ ಬಳಕೆಯನ್ನು ಪ್ರೋತ್ಸಾಹಿಸಿತು. 2003ರ ವೇಳೆಗೆ ಲಕ್ಷಾಂತರ ಜನ ಸಾಲ ತೀರಿಸಲಾರದೆ ಹೋದರು, ಕಾರ್ಡ್ ಕಂಪನಿಗಳೇ ಕುಸಿತದ ಅಂಚಿಗೆ ಬಂದವು. ಇಲ್ಲದ ಸಿರಿಯನ್ನು ಇದ್ದಂತೆ ತೋರಿಸುವ ನಿರೂಪಕನ ಹಿಂದೆ ವಿಮರ್ಶಕರು ಈ ಸಾಲಗಾರ ಸಮಾಜವನ್ನು ಕಂಡಿದ್ದಾರೆ.

ಸಂಗೀತ ಮತ್ತು ದೃಶ್ಯಾವಳಿ

ಸಾಹಿತ್ಯ ಸೈ ಅವರದು; ಸಂಗೀತವನ್ನು ಸೈ ಮತ್ತು ಯೂ ಗನ್-ಹ್ಯೋಂಗ್ ಜೊತೆಯಾಗಿ ಸಂಯೋಜಿಸಿದ್ದಾರೆ. ನಿಮಿಷಕ್ಕೆ 132 ಬಡಿತಗಳ ವೇಗದಲ್ಲಿ ಸಿಂತಸೈಜರ್ ನುಡಿಸುವ ಒಂದು ಚಿಕ್ಕ ಸ್ವರಗುಚ್ಛ ಮರುಕಳಿಸುತ್ತಾ ಹೋಗುತ್ತದೆ. ಅದರ ಮೇಲೆ ಸೈ ರ‍್ಯಾಪ್ ಧಾಟಿಯಲ್ಲಿ ಮಾತುಗಳನ್ನು ಪೋಣಿಸುತ್ತಾರೆ. ಪಲ್ಲವಿಗೆ ಮುನ್ನ ಲಯ ಏರುತ್ತಾ ಹೋಗಿ ಒಮ್ಮೆಲೇ ನಿಂತು, ಶೀರ್ಷಿಕೆಯ ಪದಗಳೊಂದಿಗೆ ಮತ್ತೆ ಸಿಡಿಯುತ್ತದೆ.

ಚೋ ಸೂ-ಹ್ಯೂನ್ ನಿರ್ದೇಶಿಸಿರುವ ಸುಮಾರು ನಾಲ್ಕು ನಿಮಿಷಗಳ ದೃಶ್ಯಾವಳಿಯಲ್ಲಿ ವಿಡಂಬನೆ ಇನ್ನಷ್ಟು ಸ್ಪಷ್ಟವಾಗಿದೆ. ಸೈ ಕಡಲತೀರದಲ್ಲಿ ಬಿಸಿಲು ಕಾಯುತ್ತಿರುವಂತೆ ಮೊದಲಿಗೆ ಕಾಣುತ್ತದೆ. ಕ್ಯಾಮೆರಾ ಹಿಂದೆ ಸರಿದಾಗ ಅದು ಮಕ್ಕಳ ಆಟದ ಬಯಲಿನ ಮರಳು ಎಂದು ತಿಳಿಯುತ್ತದೆ. ಇಬ್ಬರು ಯುವತಿಯರ ನಡುವೆ ಠೀವಿಯಿಂದ ನಡೆದು ಬರುವಾಗ ಕಸಕಡ್ಡಿ ಹಾರಿಬಂದು ಅವರ ಮುಖಕ್ಕೆ ಬಡಿಯುತ್ತದೆ. ವಿಲಾಸಿ ರಾತ್ರಿಕೂಟ ಇರಬೇಕಾದಲ್ಲಿ ಹಿರಿಯ ನಾಗರಿಕರು ತುಂಬಿದ ಪ್ರವಾಸಿ ಬಸ್ಸು ಬರುತ್ತದೆ. ಪಲ್ಲವಿಗೆ ಕುಣಿಯುವ ‘ಕುದುರೆ ಕುಣಿತ’ದಲ್ಲಿ ಕೈಗಳು ಲಗಾಮು ಹಿಡಿದಂತೆಯೂ ಹಗ್ಗ ಬೀಸಿದಂತೆಯೂ ಚಲಿಸುತ್ತವೆ. ಕುದುರೆ ಸವಾರಿ ಸಿರಿವಂತರ ಹವ್ಯಾಸ. ಇಲ್ಲಿ ಸವಾರನಿದ್ದಾನೆ, ಕುದುರೆಯಿಲ್ಲ. ಹಾಸ್ಯನಟರಾದ ಯೂ ಜೇ-ಸುಕ್, ನೋ ಹೋಂಗ್-ಚೋಲ್ ಹಾಗೂ ಗಾಯಕಿ ಹ್ಯೂನ-ಆ ಇದರಲ್ಲಿ ಕಾಣಿಸಿಕೊಂಡಿದ್ದಾರೆ.

ಜನಪ್ರಿಯತೆ

ಬಿಡುಗಡೆಯಾದ ಕೂಡಲೇ ಹಾಡು ಕೊರಿಯಾದ ಗಾಂವ್ ಪಟ್ಟಿಯ ಅಗ್ರಸ್ಥಾನಕ್ಕೇರಿತು. ಜುಲೈ ಕೊನೆಯಲ್ಲಿ ಅಮೆರಿಕದ ಗಾಯಕ ಟಿ-ಪೇನ್ ಮೊದಲಾದವರು ಟ್ವಿಟರ್‌ನಲ್ಲಿ ಇದನ್ನು ಹೊಗಳಿದ್ದರಿಂದ ಹೊರದೇಶಗಳ ಗಮನ ಇತ್ತ ಹರಿಯಿತು. ಬ್ರಿಟನ್, ಜರ್ಮನಿ, ಫ್ರಾನ್ಸ್, ಕೆನಡಾ ಮತ್ತು ಆಸ್ಟ್ರೇಲಿಯಾದ ಪಟ್ಟಿಗಳಲ್ಲಿ ಹಾಡು ಮೊದಲ ಸ್ಥಾನ ಪಡೆಯಿತು. ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಏಳು ವಾರ ಎರಡನೆಯ ಸ್ಥಾನದಲ್ಲಿಯೇ ಉಳಿಯಿತು. ಮೊದಲ ಸ್ಥಾನದಲ್ಲಿದ್ದುದು ಮರೂನ್ 5 ತಂಡದ ‘ಒನ್ ಮೋರ್ ನೈಟ್’. ಆಗ ಆ ಪಟ್ಟಿಯಲ್ಲಿ ಯೂಟ್ಯೂಬ್ ವೀಕ್ಷಣೆಗಳಿಗೆ ಲೆಕ್ಕವಿರಲಿಲ್ಲ. 2013ರ ಫೆಬ್ರುವರಿಯಲ್ಲಿ ಬಿಲ್‌ಬೋರ್ಡ್ ಅವನ್ನೂ ಗಣನೆಗೆ ತೆಗೆದುಕೊಳ್ಳಲು ಆರಂಭಿಸಿತು.

2012ರ ಅಕ್ಟೋಬರ್ 4ರಂದು ಸೋಲ್ ನಗರಸಭೆಯ ಎದುರಿನ ಚೌಕದಲ್ಲಿ ಸೈ ನೀಡಿದ ಉಚಿತ ಕಾರ್ಯಕ್ರಮಕ್ಕೆ ಸುಮಾರು 80,000 ಜನ ಸೇರಿದ್ದರು. ಅದೇ ತಿಂಗಳು ವಿಶ್ವಸಂಸ್ಥೆಯ ಅಂದಿನ ಮಹಾಪ್ರಧಾನ ಕಾರ್ಯದರ್ಶಿ ಬಾನ್ ಕಿ-ಮೂನ್ ಅವರನ್ನು ಬರಮಾಡಿಕೊಂಡರು. ನವೆಂಬರ್‌ನಲ್ಲಿ ಕೊರಿಯಾ ಸರ್ಕಾರ ಸಾಂಸ್ಕೃತಿಕ ಗೌರವ ಪದಕವನ್ನು ನೀಡಿತು. ಗಂಗ್ನಮ್‌ನ ಹಣದ ಹುಚ್ಚನ್ನು ನಗೆಯಾಡಿದ ಈ ಹಾಡಿನ ಭರಾಟೆಯಲ್ಲಿ ಗಾಯಕನ ತಂದೆಯ ಕಂಪನಿಯ ಷೇರು ಬೆಲೆ ಹಲವು ಪಟ್ಟು ಏರಿದ್ದು ಆ ದಿನಗಳ ಒಂದು ವಿಪರ್ಯಾಸ.

ಭಾರತದ ಅನೇಕ ಪ್ರೇಕ್ಷಕರಿಗೆ ಈ ಕುಣಿತ ಪರಿಚಯವಾದದ್ದು ಕ್ರಿಕೆಟ್ ಮೂಲಕ. 2012ರ ಅಕ್ಟೋಬರ್ 7ರಂದು ಕೊಲಂಬೊದಲ್ಲಿ ಟಿ20 ವಿಶ್ವಕಪ್ ಗೆದ್ದ ವೆಸ್ಟ್ ಇಂಡೀಸ್ ತಂಡ ಮೈದಾನದಲ್ಲಿಯೇ ಕುದುರೆ ಕುಣಿತ ಕುಣಿಯಿತು. ಆ ಸಂಭ್ರಮದ ಮುಂದಾಳು ಕ್ರಿಸ್ ಗೇಲ್ ಆಗ ಐಪಿಎಲ್‌ನಲ್ಲಿ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಆಟಗಾರರಾಗಿದ್ದುದರಿಂದ ಕರ್ನಾಟಕದ ಅಭಿಮಾನಿಗಳಿಗೆ ಆ ದೃಶ್ಯ ವಿಶೇಷವಾಗಿ ಆಪ್ತವಾಯಿತು.

ಟೀಕೆ ಮತ್ತು ವಿವಾದ

ಏಷ್ಯಾ ಮೂಲದ ಕೆಲವು ಅಮೆರಿಕನ್ ಲೇಖಕರು ಹಾಡಿನ ಯಶಸ್ಸನ್ನು ಸಂದೇಹದಿಂದ ಕಂಡರು. ಏಷ್ಯಾದ ಗಂಡಸನ್ನು ನಾಯಕನನ್ನಾಗಿ ಒಪ್ಪದ ಪಾಶ್ಚಾತ್ಯ ಪ್ರೇಕ್ಷಕರು ಆತನನ್ನು ವಿದೂಷಕನನ್ನಾಗಿ ಮಾತ್ರ ಸ್ವಾಗತಿಸುತ್ತಾರೆ ಎಂಬುದು ಅವರ ವಾದ. ಕೇಳುಗರು ವಿಡಂಬನೆಯೊಡನೆ ನಗುತ್ತಿದ್ದಾರೆಯೇ, ವಿಡಂಬನಕಾರನನ್ನು ನೋಡಿ ನಗುತ್ತಿದ್ದಾರೆಯೇ ಎಂದು ಅವರು ಪ್ರಶ್ನಿಸಿದರು. ಇನ್ನು ಕೆಲವರು, ಭಾಷೆ ತಿಳಿಯದಿದ್ದರೂ ಪೊಳ್ಳು ಆಡಂಬರದ ಚಿತ್ರ ದೃಶ್ಯಗಳಿಂದಲೇ ಎಲ್ಲರಿಗೂ ಅರ್ಥವಾಗುತ್ತದೆ ಎಂದು ಸಮರ್ಥಿಸಿದರು.

2012ರ ಡಿಸೆಂಬರ್‌ನಲ್ಲಿ ಸೈ ಅವರ ಹಳೆಯ ಪ್ರದರ್ಶನಗಳು ಚರ್ಚೆಗೆ ಬಂದವು. 2002ರಲ್ಲಿ ಅಮೆರಿಕದ ಸೇನಾ ವಾಹನಕ್ಕೆ ಸಿಲುಕಿ ಇಬ್ಬರು ಕೊರಿಯನ್ ಶಾಲಾ ಬಾಲಕಿಯರು ಮೃತಪಟ್ಟಾಗ ಅವರು ವೇದಿಕೆಯ ಮೇಲೆ ಟ್ಯಾಂಕಿನ ಪ್ರತಿಕೃತಿಯನ್ನು ಒಡೆದಿದ್ದರು. ಇರಾಕ್ ಯುದ್ಧದ ಸಂದರ್ಭದಲ್ಲಿ, 2004ರಲ್ಲಿ, ಅಮೆರಿಕದ ಸೈನಿಕರ ವಿರುದ್ಧ ಕಟುಶಬ್ದಗಳ ರ‍್ಯಾಪ್ ಹಾಡಿದ್ದರು. ಯುದ್ಧವಿರೋಧಿ ಭಾವನೆಯಿಂದ ಹಾಡಿದ್ದಾದರೂ ಬಳಸಿದ ಭಾಷೆಗೆ ವಿಷಾದವಿದೆ ಎಂದು ಅವರು ಕ್ಷಮೆ ಕೋರಿದರು. ಕೆಲವೇ ದಿನಗಳಲ್ಲಿ ಅಧ್ಯಕ್ಷ ಬರಾಕ್ ಒಬಾಮ ಉಪಸ್ಥಿತರಿದ್ದ ವಾಷಿಂಗ್ಟನ್‌ನ ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಹಾಡಿದರು.

ರಾಜಕೀಯ ಅನುಕರಣೆಗಳು

ಹಾಡಿನ ಅಣಕುಗಳು ಸಹಸ್ರಾರು ಸಂಖ್ಯೆಯಲ್ಲಿ ಬಂದವು. ಕೆಲವು ಹೊಸ ವಿಡಂಬನೆಗೆ ಸಾಧನವಾದವು. 2012ರ ಸೆಪ್ಟೆಂಬರ್‌ನಲ್ಲಿ ಉತ್ತರ ಕೊರಿಯಾದ ಸರ್ಕಾರಿ ಜಾಲತಾಣವೊಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಪಾರ್ಕ್ ಗುನ್-ಹೇ ಅವರನ್ನು ಗೇಲಿ ಮಾಡಲು ಇದನ್ನು ಬಳಸಿತು; ಅವರ ತಂದೆ ಪಾರ್ಕ್ ಚುಂಗ್-ಹೀ ಅವರ ಸರ್ವಾಧಿಕಾರದ ಕಾಲವನ್ನು ಅದು ನೆನಪಿಸುತ್ತಿತ್ತು. ಅಕ್ಟೋಬರ್‌ನಲ್ಲಿ ಚೀನಾದ ಕಲಾವಿದ ಐ ವೇವೇ ಕೈಕೋಳ ಹಿಡಿದು ಕುದುರೆ ಕುಣಿತ ಕುಣಿದ ವಿಡಿಯೊ ಹೊರತಂದರು. ಚೀನಾದ ಜಾಲತಾಣಗಳಿಂದ ಅದನ್ನು ಶೀಘ್ರವೇ ತೆಗೆದುಹಾಕಲಾಯಿತು. ಇದನ್ನು ಪ್ರತಿಭಟಿಸಿ, ಮುಂಬೈನಲ್ಲಿ ಹುಟ್ಟಿ ಲಂಡನ್‌ನಲ್ಲಿ ನೆಲೆಸಿರುವ ಶಿಲ್ಪಿ ಅನೀಶ್ ಕಪೂರ್ ನವೆಂಬರ್‌ನಲ್ಲಿ ತಮ್ಮದೇ ಆವೃತ್ತಿಯನ್ನು ರೂಪಿಸಿದರು. ಹಲವು ಕಲಾವಿದರೂ ಮಾನವ ಹಕ್ಕು ಸಂಘಟನೆಗಳೂ ಅದಕ್ಕೆ ಕೈಜೋಡಿಸಿದವು.

ನಂತರದ ಪರಿಣಾಮ

2014ರ ಡಿಸೆಂಬರ್‌ನಲ್ಲಿ ಹಾಡಿನ ವೀಕ್ಷಣೆಯ ಎಣಿಕೆಯು 32 ಬಿಟ್ ಪೂರ್ಣಾಂಕದಲ್ಲಿ ಹಿಡಿಸಬಹುದಾದ ಗರಿಷ್ಠ ಸಂಖ್ಯೆಯಾದ 2,14,74,83,647ನ್ನು ಮೀರಿತು. ಯೂಟ್ಯೂಬ್ ತನ್ನ ಎಣಿಕೆಯನ್ನು 64 ಬಿಟ್‌ಗಳಿಗೆ ವಿಸ್ತರಿಸಿಕೊಂಡದ್ದನ್ನು ತಿಳಿಸುತ್ತಾ, ಇಂತಹ ಸಂಖ್ಯೆಯನ್ನು ತಾನು ಊಹಿಸಿರಲಿಲ್ಲ ಎಂದು ಹೇಳಿಕೊಂಡಿತು. ಅತಿ ಹೆಚ್ಚು ವೀಕ್ಷಿತ ವಿಡಿಯೊ ಎಂಬ ಸ್ಥಾನವನ್ನು 2017ರ ಜುಲೈನಲ್ಲಿ ವಿಜ್ ಖಲೀಫಾ ಮತ್ತು ಚಾರ್ಲಿ ಪುತ್ ಅವರ ‘ಸೀ ಯೂ ಅಗೇನ್’ ಕಸಿದುಕೊಂಡಿತು.

2013ರ ಏಪ್ರಿಲ್‌ನಲ್ಲಿ ಬಂದ ಸೈ ಅವರ ಮುಂದಿನ ಹಾಡು ‘ಜಂಟಲ್‌ಮನ್’ ಸಹ ಜನಪ್ರಿಯವಾಯಿತು, ಆದರೆ ಮೊದಲಿನ ಎತ್ತರಕ್ಕೆ ಏರಲಿಲ್ಲ. ನಂತರ ಅವರು ಪಿ ನೇಷನ್ ಎಂಬ ಸ್ವಂತ ಸಂಸ್ಥೆಯನ್ನು ಕಟ್ಟಿದರು. ಕೊರಿಯನ್ ಭಾಷೆಯ ಹಾಡೊಂದು ಪಾಶ್ಚಾತ್ಯ ಪಟ್ಟಿಗಳಲ್ಲಿ ಅಗ್ರಸ್ಥಾನಕ್ಕೆ ಬರಬಲ್ಲದು ಎಂಬುದನ್ನು ಗಂಗ್ನಮ್ ಸ್ಟೈಲ್ ತೋರಿಸಿಕೊಟ್ಟಿತು. ಮುಂದೆ ಬಿಟಿಎಸ್ ಮುಂತಾದ ತಂಡಗಳು ಆ ಹಾದಿಯಲ್ಲಿ ಬಹುದೂರ ಸಾಗಿದವು. 2016ರಲ್ಲಿ ಕುದುರೆ ಕುಣಿತದ ಭಂಗಿಯಲ್ಲಿರುವ ಎರಡು ಬೃಹತ್ ಕೈಗಳ ಕಂಚಿನ ಶಿಲ್ಪವನ್ನು ಪ್ರವಾಸಿಗರ ಆಕರ್ಷಣೆಗಾಗಿ ಸ್ಥಾಪಿಸಲಾಯಿತು. ಅದು ನಿಂತಿರುವುದು ಹಾಡು ಗೇಲಿ ಮಾಡಿದ ಗಂಗ್ನಮ್‌ನಲ್ಲಿಯೇ, ಕೋಎಕ್ಸ್ ವಾಣಿಜ್ಯ ಸಂಕೀರ್ಣದ ಎದುರಿನಲ್ಲಿ.