ಬೆನ್ನ ಹಿಂದಿನ ತಡೆ

ಮಳೆಗಾಲದಲ್ಲಿ ಗೋಕಾಕದ ಜಲಪಾತವನ್ನು ನೋಡಿದವರಿಗೆ ಇದು ತಿಳಿದೇ ಇರುತ್ತದೆ: ಘಟಪ್ರಭೆಯು ಸುಮಾರು 52 ಮೀಟರು ಕೆಳಕ್ಕೆ ಧುಮುಕುವಾಗ ಪಕ್ಕದಲ್ಲಿ ನಿಂತವನ ಮಾತೂ ಕೇಳಿಸದು. ಅಲ್ಲಿ ಆಡುವ ಮಾತು ಚಿಕ್ಕದಾಗಿರಬೇಕು, ಸಮಯಕ್ಕೆ ಸರಿಯಾಗಿ ಬರಬೇಕು. ಯಮಕನಮರಡಿಯ ಬಯಲಿನಲ್ಲಿ ಬಾಸ್ಕೆಟ್‌ಬಾಲ್ ಆಡಹೊರಟ ಹುಡುಗರಿಗೂ ಇದೇ ನಿಯಮವೆಂದರೆ ವಾಚಕರು ನಗಬಹುದು. ಆದರೂ ವಿಚಾರಿಸಿ ನೋಡೋಣ.

ಈ ಆಟದಲ್ಲಿ ‘ಸ್ಕ್ರೀನ್’ ಎಂಬುದೊಂದು ಉಪಾಯವುಂಟು. ಚೆಂಡು ಹಿಡಿದವನನ್ನು ನಾವು ಬೆನ್ನಟ್ಟುತ್ತಿರುವಾಗ ಎದುರು ಪಕ್ಷದ ಇನ್ನೊಬ್ಬನು ನಮ್ಮ ದಾರಿಯಲ್ಲಿ ಕಂಬದಂತೆ ನಿಂತುಬಿಡುತ್ತಾನೆ. ಅವನು ಅಲುಗದೆ, ಎರಡು ಪಾದಗಳನ್ನೂ ನೆಲಕ್ಕೂರಿ ನಿಂತಿರಬೇಕು. ನಿಂತಿರುವವನ ಬೆನ್ನ ಹಿಂದೆ ತಡೆಯೊಡ್ಡುವುದಾದರೆ ಒಂದು ಹೆಜ್ಜೆಯ ಎಡೆ ಬಿಡಬೇಕು. ನಿಯಮವು ಅಷ್ಟರಮಟ್ಟಿಗೆ ನಮ್ಮನ್ನು ಕಾಯುತ್ತದೆ. ಉಳಿದುದನ್ನು ಗೆಳೆಯನೇ ಕಾಯಬೇಕು.

ಏಕೆಂದರೆ ನಮ್ಮ ಎರಡು ಕಣ್ಣುಗಳಿಗೆ ಕಾಣುವುದು ಅರ್ಧ ವೃತ್ತಕ್ಕಿಂತ ತುಸು ಹೆಚ್ಚು ಮಾತ್ರ. ಕಿವಿಗಾದರೋ ಹಿಂದು ಮುಂದೆಂಬ ಭೇದವಿಲ್ಲ. ಇನ್ನೊಂದು ವಿಶೇಷವೆಂದರೆ, ಕಂಡ ಸಂಜ್ಞೆಗೆ ದೇಹವು ಸ್ಪಂದಿಸಲು ಸುಮಾರು 0.2 ಸೆಕೆಂಡು ಬೇಕಾದರೆ, ಕೇಳಿದ ಸಂಜ್ಞೆಗೆ ಸುಮಾರು 0.15 ಸೆಕೆಂಡು ಸಾಕು. ಸೆಕೆಂಡಿಗೆ 5 ಮೀಟರು ವೇಗದಲ್ಲಿ ಓಡುವವನು 0.2 ಸೆಕೆಂಡಿನಲ್ಲಿ ಒಂದು ಮೀಟರು ಮುಂದೆ ಹೋಗಿರುತ್ತಾನೆ! ಆದರೆ ಎಡಕ್ಕೋ ಬಲಕ್ಕೋ ಎಂಬ ಆಯ್ಕೆ ಬಂದೊಡನೆ ಈ ಕಾಲವು ಬೆಳೆಯುತ್ತದೆ. ಆದುದರಿಂದ ಬರಿದೆ ‘ಸ್ಕ್ರೀನ್’ ಎಂದು ಕೂಗಿದರೆ ಸಾಲದು. ‘ಸ್ಕ್ರೀನ್, ಎಡಕ್ಕೆ’ ಎನ್ನಬೇಕು. ಕೂಗಬೇಕಾದವನು ಯಾರು? ತಡೆಯೊಡ್ಡಲು ಬರುವವನನ್ನು ಕಾಯುತ್ತಿರುವ ನಮ್ಮ ಜೊತೆಗಾರ. ಅವನ ಕಣ್ಣೆದುರಿಗೇ ಎಲ್ಲವೂ ನಡೆಯುತ್ತಿರುತ್ತದೆ. ಡಿಕ್ಕಿ ಹೊಡೆದು ಬಿದ್ದವನನ್ನು ‘ನೋಡಿಕೊಂಡು ಓಡಬಾರದೇ’ ಎಂದು ಗದರಿಸುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ತಪ್ಪು ಬಹುಮಟ್ಟಿಗೆ ಮೌನವಾಗಿದ್ದವನದು. ಓಡುವವನು ಎದೆಗೊಟ್ಟು ಬೀಳುವ ಪೆಟ್ಟು ಹುಡುಗಾಟದ್ದಲ್ಲ.

ಎಚ್ಚರಿಕೆ ಕೇಳಿದ ಮೇಲೆ ನಿಲುವಿನ ಪ್ರಶ್ನೆ. ಮೊಣಕಾಲು ಬಗ್ಗಿಸಿ ಮೈ ತಗ್ಗಿಸಿದರೆ ಗುರುತ್ವಕೇಂದ್ರವು ಕೆಳಗಿಳಿದು, ದಿಕ್ಕು ಬದಲಿಸುವುದು ಸುಲಭವಾಗುತ್ತದೆ. ಮೈಯನ್ನು ಓರೆಯಾಗಿಸಿ, ತಡೆದವನ ಪಾದದಾಚೆಗೆ ಮೊದಲ ಹೆಜ್ಜೆಯಿಟ್ಟು, ಅವನಿಗೂ ಚೆಂಡಿನವನಿಗೂ ನಡುವೆ ನುಸುಳಬೇಕು. ಚೆಂಡಿನವನು ದೂರದಿಂದ ಗುರಿಯಿಡಲಾರನೆಂದು ಗೊತ್ತಿದ್ದರೆ ತಡೆದವನ ಹಿಂದಿನಿಂದ ಸುತ್ತಿ ಬರಬಹುದು, ಆದರೆ 6.75 ಮೀಟರಿನ ಗೆರೆಯಾಚೆಯಿಂದ ಮೂರು ಅಂಕ ಗಳಿಸಬಲ್ಲವನಿಗೆ ಅಷ್ಟು ಎಡೆ ಕೊಡುವುದು ಅವಿವೇಕ. ಇಬ್ಬರು ರಕ್ಷಕರು ಎದುರಾಳಿಗಳನ್ನು ಅದಲುಬದಲು ಮಾಡಿಕೊಳ್ಳುವುದೂ ಉಂಟು. ಅದನ್ನು ಒಬ್ಬನು ಕೂಗಿ ಇನ್ನೊಬ್ಬನು ಕೇಳದೆ ಹೋದರೆ ಇಬ್ಬರೂ ಒಬ್ಬನನ್ನೇ ಹಿಂಬಾಲಿಸಿ, ಮತ್ತೊಬ್ಬನು ಬುಟ್ಟಿಯ ಕೆಳಗೆ ಒಂಟಿಯಾಗಿ ನಿಂತಿರುತ್ತಾನೆ.

ಅಂಥ ಒಂದು ಬುಟ್ಟಿಯ ಬೆಲೆಯೇನು? 2017ರ ಜುಲೈಯಲ್ಲಿ ಬೆಂಗಳೂರಿನಲ್ಲಿ ನಡೆದ ಮಹಿಳೆಯರ ಏಷ್ಯಾ ಕಪ್ಪಿನ ‘ಬಿ’ ವಿಭಾಗದ ಅಂತಿಮ ಪಂದ್ಯದಲ್ಲಿ ಭಾರತವು ಕಜಾಕಸ್ತಾನವನ್ನು 75–73ರಿಂದ ಸೋಲಿಸಿತು. ಅಂತರವು ಸರಿಯಾಗಿ ಒಂದು ಬುಟ್ಟಿ. ಪ್ರೇಕ್ಷಕರು ಆರ್ಭಟಿಸುವ ಇಂಥ ವೇಳೆಯಲ್ಲಿ ಜಲಪಾತದ ಬಳಿಯಂತೆಯೇ ಮಾತು ಮುಳುಗಿಹೋಗುತ್ತದೆ. ಆಗ ಗೆಳೆಯನ ಬೆನ್ನಿಗೆ ಅಂಗೈ ತಾಗಿಸಿ ಎಚ್ಚರಿಸುವುದೇ ಉಳಿದ ದಾರಿ.

ಕಣ್ಣು ಕಿವಿಗಳ ವೇಗವನ್ನು ವಿದ್ಯಾರ್ಥಿಗಳು ತಾವೇ ಅಳೆಯಬಹುದು. ಗೆಳೆಯನು ಮೂವತ್ತು ಸೆಂಟಿಮೀಟರಿನ ಅಳತೆಪಟ್ಟಿಯನ್ನು ತೂಗಹಿಡಿದು ಹೇಳದೆ ಬಿಡಲಿ. ಅದರ ಕೆಳತುದಿಯಲ್ಲಿ ಬೆರಳಿಟ್ಟುಕೊಂಡಿದ್ದು ಹಿಡಿಯಿರಿ. 20 ಸೆಂಟಿಮೀಟರು ಜಾರಿದ್ದರೆ ನಿಮ್ಮ ಕಾಲ ಸುಮಾರು 0.2 ಸೆಕೆಂಡು. ಮುಂದೆ ಕಣ್ಣು ಮುಚ್ಚಿಕೊಂಡು, ಅವನು ಬಿಡುವ ಕ್ಷಣದಲ್ಲೇ ‘ಹೂಂ’ ಎನ್ನುವಂತೆ ಹೇಳಿ, ಮತ್ತೆ ಹಿಡಿಯಿರಿ. ಪಟ್ಟಿಯು ಈ ಸಲ 11 ಸೆಂಟಿಮೀಟರು ಮಾತ್ರ ಜಾರಿದ್ದರೆ 0.15 ಸೆಕೆಂಡಾಯಿತು.