ನೆಗೆಟಿವ್ ಯಾರ ಪೆಟ್ಟಿಗೆಯಲ್ಲಿ?

ಛತ್ರದ ಅಡುಗೆಮನೆಯಲ್ಲಿ ಇನ್ನೂ ಉಪ್ಪಿಟ್ಟಿನ ಒಗ್ಗರಣೆ ಬೀಳುವ ಹೊತ್ತಿಗೇ ಫೋಟೊಗ್ರಾಫರ್ ಬಂದು ಲೈಟು ನಿಲ್ಲಿಸಿರುತ್ತಾರೆ. ಕಾಶಿಯಾತ್ರೆ, ಧಾರೆ, ಮಾಂಗಲ್ಯಧಾರಣೆ, ಊಟದ ಪಂಕ್ತಿ, ಆರತಕ್ಷತೆಯ ಉದ್ದನೆಯ ಸಾಲು ಎಲ್ಲ ಮುಗಿದು ಲೈಟು ಕಳಚುವಾಗ ರಾತ್ರಿಯಾಗಿರುತ್ತದೆ. ಆಮೇಲೆ ಚಿತ್ರಗಳ ಆಯ್ಕೆ, ಬಣ್ಣ ತಿದ್ದುವುದು, ಆಲ್ಬಮ್ ಡಿಸೈನ್, ಬಾಕಿ ಹಣಕ್ಕೆ ಮತ್ತೆ ಮತ್ತೆ ಫೋನು. ಕ್ಯಾಮೆರಾ ಅವರದು, ಲೆನ್ಸ್ ಅವರದು, ಅದರ ಸಾಲದ ಕಂತೂ ಅವರದೇ. ಚಿತ್ರ ಮಾತ್ರ ಅವರದಲ್ಲ. ಹಣ ಕೊಟ್ಟು, ಹೇಳಿ ತೆಗೆಸಿದ ಚಿತ್ರದ ಕೃತಿಸ್ವಾಮ್ಯಕ್ಕೆ ಮೊದಲ ಒಡೆಯರು ತೆಗೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಹೇಳುವುದು ಇದನ್ನೇ.

ಈ ನಿಯಮ ಬಂದದ್ದು ಲಂಡನ್ನಿನಿಂದ. 1862ರಲ್ಲಿ ಬ್ರಿಟನ್ನಿನ ಸಂಸತ್ತು ಚಿತ್ರಕಲೆಯ ಜೊತೆಗೆ ಫೋಟೊಗಳಿಗೂ ಮೊದಲ ಬಾರಿಗೆ ಕೃತಿಸ್ವಾಮ್ಯ ಕೊಟ್ಟಿತು. ಕೊಟ್ಟ ಕೈಯಲ್ಲೇ ಒಂದು ಷರತ್ತನ್ನೂ ಇಟ್ಟಿತು: ಇನ್ನೊಬ್ಬರಿಗಾಗಿ ದುಡ್ಡು ಪಡೆದು ತೆಗೆದದ್ದಾದರೆ, ಬರಹದಲ್ಲಿ ಉಳಿಸಿಕೊಳ್ಳದ ಹೊರತು ಹಕ್ಕು ತೆಗೆದವರಿಗಿಲ್ಲ. ಆಗ ಫೋಟೊ ಎಂದರೆ ಬಹುಮಟ್ಟಿಗೆ ಸ್ಟುಡಿಯೊದಲ್ಲಿ ಕುಳಿತು ತೆಗೆಸಿಕೊಂಡ ಭಾವಚಿತ್ರ. ತನ್ನ ಹೆಂಡತಿ, ಮಗಳ ಚಿತ್ರ ಅಂಗಡಿಯಲ್ಲಿ ಮಾರಾಟಕ್ಕೆ ಬರಬಾರದು ಎಂದು ಗಿರಾಕಿ ಬಯಸುವುದರಲ್ಲಿ ನ್ಯಾಯವಿದೆ. ಇದನ್ನು ನಾನು ಅಲ್ಲಗಳೆಯಲಾರೆ. ಅದೇ ತರ್ಕ ಬ್ರಿಟನ್ನಿನ 1911ರ ಕಾಯ್ದೆಗೆ ದಾಟಿತು, 1914ರಲ್ಲಿ ಭಾರತಕ್ಕೆ ಬಂತು, ಸ್ವತಂತ್ರ ಭಾರತ ತನ್ನದೇ ಕಾಯ್ದೆ ಬರೆದಾಗಲೂ ಹಾಗೇ ಉಳಿಯಿತು.

ಅತ್ತ ಅಮೆರಿಕದಲ್ಲಿ ಎದ್ದದ್ದು ಇನ್ನೂ ಮೂಲದ ಪ್ರಶ್ನೆ: ಯಂತ್ರ ತೆಗೆದ ಚಿತ್ರಕ್ಕೆ ಕರ್ತೃ ಎಂಬುವರಿದ್ದಾರೆಯೇ? 1882ರಲ್ಲಿ ನೆಪೋಲಿಯನ್ ಸರೋನಿ ತನ್ನ ನ್ಯೂಯಾರ್ಕ್ ಸ್ಟುಡಿಯೊದಲ್ಲಿ ಆಸ್ಕರ್ ವೈಲ್ಡ್‌ನ ಚಿತ್ರ ತೆಗೆದ. ಮುದ್ರಣ ಕಂಪನಿಯೊಂದು ಅದನ್ನು ನಕಲು ಮಾಡಿ 85,000 ಪ್ರತಿ ಅಚ್ಚು ಹಾಕಿತು. ಕ್ಯಾಮೆರಾ ಇದ್ದದ್ದನ್ನು ಇದ್ದಂತೆ ಹಿಡಿಯುತ್ತದೆ, ಅದರಲ್ಲಿ ಸೃಷ್ಟಿ ಏನು ಬಂತು ಎಂಬುದು ಕಂಪನಿಯ ವಾದ. ಭಂಗಿ, ಉಡುಪು, ಬೆಳಕು, ನೆರಳು ಎಲ್ಲವನ್ನೂ ಮನಸ್ಸಿನಲ್ಲಿ ಕಂಡು ಜೋಡಿಸಿದವನೇ ಕರ್ತೃ ಎಂದು 1884ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು.

ಆದರೆ ಕರ್ತೃವೆನಿಸಿಕೊಂಡ ಮಾತ್ರಕ್ಕೆ ಹೊಟ್ಟೆ ತುಂಬಲಿಲ್ಲ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದಮೇಲೆ ಕೋಟಿನ ಜೇಬಿನಲ್ಲಿ ಕ್ಯಾಮೆರಾ ಇಟ್ಟುಕೊಂಡು ಎಲ್ಲಿಗೆ ಬೇಕಾದರೂ ಹೋಗುವಂತಾಯಿತು. ಬರ್ಲಿನ್, ಪ್ಯಾರಿಸ್‌ಗಳ ಸಚಿತ್ರ ವಾರಪತ್ರಿಕೆಗಳು, 1936ರ ಕೊನೆಗೆ ಅಮೆರಿಕದ ‘ಲೈಫ್’, ಚಿತ್ರಗಳಿಗಾಗಿ ಹಸಿದು ಕೂತಿದ್ದವು. ಫ್ರೀಲಾನ್ಸ್ ಬದುಕು ಹುಟ್ಟಿದ್ದು ಈ ಹಸಿವಿನಲ್ಲಿ. ಅದೇ 1936ರಲ್ಲಿ, ಬುಡಾಪೆಸ್ಟ್‌ನಿಂದ ಪ್ಯಾರಿಸ್ಸಿಗೆ ಬಂದು ಬಾಡಿಗೆಗೂ ತತ್ವಾರ ಪಡುತ್ತಿದ್ದ ಎಂಡ್ರೆ ಫ್ರೀಡ್‌ಮನ್ ಮತ್ತು ಅವನ ಸಂಗಾತಿ ಗೆರ್ಡಾ ಟಾರೊ ಸೇರಿ ‘ರಾಬರ್ಟ್ ಕಾಪಾ’ ಎಂಬ ಸಿರಿವಂತ ಅಮೆರಿಕನ್ ಛಾಯಾಗ್ರಾಹಕನನ್ನು ಕಲ್ಪಿಸಿದರು. ಬಡ ವಲಸಿಗನ ಚಿತ್ರಕ್ಕೆ ಸಿಗದ ದರ ಆ ಹೆಸರಿಗೆ ಸಿಕ್ಕಿತು. ಟಾರೊ ಮರುವರ್ಷವೇ ಸ್ಪೇನಿನ ಯುದ್ಧಭೂಮಿಯಲ್ಲಿ ಗಾಯಗೊಂಡು ಸತ್ತಳು. ಕಾಪಾ ಎಂಬ ಹೆಸರು ಅವನಿಗೆ ಉಳಿಯಿತು.

ಯುದ್ಧಗಳಿಂದ ಯುದ್ಧಗಳಿಗೆ ಓಡಾಡಿದ ಕಾಪಾನಿಗೆ ಒಂದು ವಿಷಯ ಚೆನ್ನಾಗಿ ಅರ್ಥವಾಗಿತ್ತು. ನೆಗೆಟಿವ್ ಪತ್ರಿಕೆಯ ಕಪಾಟು ಸೇರಿದರೆ ಅದನ್ನು ಅವರು ಬೇಕಾದಂತೆ ಕತ್ತರಿಸುತ್ತಾರೆ, ತಮಗೆ ತೋಚಿದ ಅಡಿಬರಹ ಹಾಕುತ್ತಾರೆ, ಮತ್ತೆ ಅಚ್ಚು ಹಾಕಿದಾಗ ತೆಗೆದವನಿಗೆ ಕಾಸೂ ಇಲ್ಲ. 1947ರಲ್ಲಿ ಅವನು, ಆನ್ರಿ ಕಾರ್ತಿಯೆ-ಬ್ರೆಸ್ಸೊ, ಡೇವಿಡ್ ಸೀಮೋರ್, ಜಾರ್ಜ್ ರಾಡ್ಜರ್, ವಿಲಿಯಂ ವ್ಯಾಂಡಿವರ್ಟ್ ಕೂಡಿ ‘ಮ್ಯಾಗ್ನಂ’ ಕಟ್ಟಿದರು. ಅದು ಛಾಯಾಗ್ರಾಹಕರೇ ಮಾಲೀಕರಾದ ಸಹಕಾರಿ ಸಂಸ್ಥೆ. ಪತ್ರಿಕೆಗೆ ಮಾರುವುದು ಅಚ್ಚು ಹಾಕುವ ಅನುಮತಿಯನ್ನು ಮಾತ್ರ, ಹಕ್ಕು ಮತ್ತು ನೆಗೆಟಿವ್ ತೆಗೆದವರ ಬಳಿಯೇ. ಫ್ರೀಲಾನ್ಸ್ ಛಾಯಾಗ್ರಹಣದ ಚರಿತ್ರೆಯಲ್ಲಿ ಯಾವ ಕ್ಯಾಮೆರಾದ ಆವಿಷ್ಕಾರವೂ ಈ ತೀರ್ಮಾನಕ್ಕೆ ಸಮವಲ್ಲ ಎಂದು ನಾನು ನಂಬಿದ್ದೇನೆ.

ಎಷ್ಟು ವ್ಯತ್ಯಾಸವಾಯಿತು ಎಂಬುದಕ್ಕೆ ನಮ್ಮ ಗಾಂಧೀಜಿಯ ಚಿತ್ರಗಳೇ ಸಾಕ್ಷಿ. 1946ರಲ್ಲಿ ಚರಕದ ಹಿಂದೆ ಕುಳಿತು ಓದುತ್ತಿರುವ ಗಾಂಧಿಯನ್ನು ಸೆರೆಹಿಡಿದ ಮಾರ್ಗರೆಟ್ ಬರ್ಕ್-ವೈಟ್ ‘ಲೈಫ್’ನ ಸಿಬ್ಬಂದಿ, ಆ ಚಿತ್ರ ಪತ್ರಿಕೆಯ ಸಂಗ್ರಹಕ್ಕೆ ಸೇರಿತು. 1948ರ ಜನವರಿ 30ರಂದು ಬಿರ್ಲಾ ಭವನದಲ್ಲಿ ಗಾಂಧೀಜಿಯನ್ನು ಕಂಡು ಹೊರಬಂದ ಸ್ವಲ್ಪ ಹೊತ್ತಿಗೇ ಹತ್ಯೆಯ ಸುದ್ದಿ ಕೇಳಿದವನು ಕಾರ್ತಿಯೆ-ಬ್ರೆಸ್ಸೊ. ಅಂತ್ಯಯಾತ್ರೆಯ ಅವನ ಚಿತ್ರಗಳು ‘ಲೈಫ್’ನಲ್ಲೇ ಅಚ್ಚಾದವು. ಆದರೂ ಇಂದಿಗೂ ಅವು ಅವನ ಹೆಸರಿನ ಪ್ರತಿಷ್ಠಾನದ ಆಸ್ತಿ.

ನಮ್ಮವರ ದಾರಿ ಇನ್ನೂ ಕಠಿಣ. ಛಾಯಾಗ್ರಾಹಕಿ ಹೊಮಾಯಿ ವ್ಯಾರಾವಾಲಾ ಅವರ ಮೊದಮೊದಲ ಚಿತ್ರಗಳಿಗೆ ‘ಬಾಂಬೆ ಕ್ರಾನಿಕಲ್’ ಕೊಟ್ಟದ್ದು ಒಂದಕ್ಕೆ ಒಂದು ರೂಪಾಯಿ. ಆರಂಭದ ಚಿತ್ರಗಳು ಗಂಡನ ಹೆಸರಿನಲ್ಲಿ ಅಚ್ಚಾಗುತ್ತಿದ್ದವು. ಮೈಸೂರಿನ ಟಿ.ಎಸ್. ಸತ್ಯನ್ (1923–2009) ‘ಡೆಕ್ಕನ್ ಹೆರಾಲ್ಡ್’ನಲ್ಲಿ, ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಯಲ್ಲಿ ಕೆಲಸ ಮಾಡಿ, ತಿಂಗಳ ಸಂಬಳದ ನೆಮ್ಮದಿ ಬಿಟ್ಟು ಫ್ರೀಲಾನ್ಸ್‌ಗೆ ಇಳಿದರು. ‘ಲೈಫ್’, ‘ಟೈಮ್’ ಪತ್ರಿಕೆಗಳಿಗೆ, ಯುನಿಸೆಫ್‌ಗೆ, ವಿಶ್ವ ಆರೋಗ್ಯ ಸಂಸ್ಥೆಗೆ ಚಿತ್ರ ತೆಗೆದರು. 1977ರಲ್ಲಿ ಪದ್ಮಶ್ರೀ ಬಂತು. ಇಳಿವಯಸ್ಸಿನಲ್ಲಿ ಅವರು ತಮ್ಮ ದಶಕಗಳ ಚಿತ್ರಗಳನ್ನು ಪುಸ್ತಕವಾಗಿಸಿದರಲ್ಲ, ಹಳೆಯ ನೆಗೆಟಿವ್‌ಗಳು ಕೈಲಿಲ್ಲದ ಛಾಯಾಗ್ರಾಹಕರಿಗೆ ಅಂಥ ಪುಸ್ತಕ ಕನಸಿನ ಮಾತು.

ಮತ್ತೆ 17ನೇ ಸೆಕ್ಷನ್ನಿಗೆ ಬರುತ್ತೇನೆ, ಅದರೊಳಗೊಂದು ಅನ್ಯಾಯ ಕೂತಿದೆ. ಪತ್ರಿಕೆಯ ನೌಕರಿಯಲ್ಲಿರುವವರು ಪ್ರಕಟಣೆಗಾಗಿ ತೆಗೆದ ಚಿತ್ರದಲ್ಲಿ ಪತ್ರಿಕೆ, ನಿಯತಕಾಲಿಕಗಳಲ್ಲಿ ಅಚ್ಚು ಹಾಕುವ ಹಕ್ಕು ಮಾತ್ರ ಮಾಲೀಕರದು. ಪುಸ್ತಕ, ಪ್ರದರ್ಶನ ಮುಂತಾದ ಉಳಿದೆಲ್ಲವೂ ತೆಗೆದವರದು, ಬೇರೆ ಕರಾರು ಇಲ್ಲದಿದ್ದರೆ. ಸಂಬಳ, ರಜೆ, ಪಿಎಫ್ ಇರುವವರಿಗೆ ಇಷ್ಟು ಉಳಿಸಿದ ಕಾನೂನು, ಅವ್ಯಾವುದೂ ಇಲ್ಲದೆ ಆರ್ಡರ್ ಮೇಲೆ ಬದುಕುವ ಫ್ರೀಲಾನ್ಸರ್‌ಗೆ ಏನನ್ನೂ ಉಳಿಸಿಲ್ಲ.

ನಮಗೆ ಈ ನಿಯಮ ಕೊಟ್ಟ ಬ್ರಿಟನ್ ತಾನು ಅದನ್ನು 1988ರ ಕಾಯ್ದೆಯಲ್ಲಿ ಕೈಬಿಟ್ಟಿತು. ಅಲ್ಲೀಗ ಕೃತಿಸ್ವಾಮ್ಯ ಛಾಯಾಗ್ರಾಹಕರಿಗೆ. ಮನೆಯ ಖಾಸಗಿ ಕಾರ್ಯಕ್ಕೆ ತೆಗೆಸಿದ ಚಿತ್ರವನ್ನು ತಮ್ಮ ಒಪ್ಪಿಗೆಯಿಲ್ಲದೆ ಸಾರ್ವಜನಿಕಗೊಳಿಸದಂತೆ ತಡೆಯುವ ಹಕ್ಕು ತೆಗೆಸಿದವರಿಗೆ. ಮದುಮಗಳ ಮಾನವೂ ಉಳಿಯಿತು, ತೆಗೆದವರ ದುಡಿಮೆಯೂ ಉಳಿಯಿತು. ನಮಗೂ ಬೇಕಾದದ್ದು ಇದೇ. 2012ರಲ್ಲಿ ನಮ್ಮ ಸಂಸತ್ತು ಕಾಯ್ದೆ ತಿದ್ದಿದಾಗ ಫೋಟೊಗಳ ಕೃತಿಸ್ವಾಮ್ಯದ ಅವಧಿಯನ್ನು ಕರ್ತೃವಿನ ಜೀವಿತಾವಧಿ ಮತ್ತು ನಂತರದ 60 ವರ್ಷಕ್ಕೆ ಹಿಗ್ಗಿಸಿತು. ಸಿನಿಮಾದ ಗೀತರಚನಕಾರರ, ಸಂಗೀತಗಾರರ ಹಿತಕ್ಕಾಗಿ ಇದೇ 17ನೇ ಸೆಕ್ಷನ್ನಿಗೆ ಹೊಸ ಮಾತೂ ಸೇರಿತು. ಫೋಟೊಗ್ರಾಫರ್ ಮಾತ್ರ ಇದ್ದಲ್ಲೇ ಉಳಿದರು.

ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. 57ನೇ ಸೆಕ್ಷನ್ ಪ್ರಕಾರ ಹಕ್ಕು ಬೇರೆಯವರಿಗೆ ಹೋದರೂ ಚಿತ್ರ ತನ್ನದೆಂದು ಹೇಳಿಕೊಳ್ಳುವ ಅಧಿಕಾರ ತೆಗೆದವರಿಗಿದೆ. ಅದಕ್ಕಿಂತ ದೊಡ್ಡ ಆಸರೆ ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಎಂಬ ಆ ಮಾತು. ಕೊಟೇಶನ್ ಕಳಿಸುವಾಗಲೇ ಕೃತಿಸ್ವಾಮ್ಯ ನನ್ನದು, ನಿಮಗೆ ಕೊಡುವುದು ಬಳಕೆಯ ಅನುಮತಿ ಎಂದು ಬರೆದು, ಇಬ್ಬರೂ ಸಹಿ ಹಾಕಿದರೆ ಲೆಕ್ಕವೇ ಬದಲಾಗುತ್ತದೆ. ಚಿಕ್ಕಮಗಳೂರಿನ ಹೋಮ್‌ಸ್ಟೇ ಒಂದಕ್ಕೆ ಹೀಗೆ ಬರೆದುಕೊಟ್ಟು ಚಿತ್ರ ತೆಗೆದಿರಿ ಎನ್ನಿ. ಅವಧಿ ನಮೂದಿಸದಿದ್ದರೆ ಹಕ್ಕಿನ ವರ್ಗಾವಣೆಗೆ ಆಯುಸ್ಸು ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ವ್ಯಾಪ್ತಿ ಭಾರತವಷ್ಟೇ ಎನ್ನುತ್ತದೆ 19ನೇ ಸೆಕ್ಷನ್. 30ಎ ಸೆಕ್ಷನ್ ಅದನ್ನು ಇಂಥ ಅನುಮತಿಗಳಿಗೂ ಹಬ್ಬಿಸುತ್ತದೆ. ಆರನೇ ವರ್ಷ ಅದೇ ಚಿತ್ರವನ್ನು ಹೊಸ ಬ್ರೋಷರ್‌ನಲ್ಲಿ ಹಾಕಬೇಕಾದರೆ ಮಾಲೀಕರು ನಿಮಗೇ ಫೋನ್ ಮಾಡಿ ದರ ಕೇಳಬೇಕು.