ಕೊಂಡಿಗೊಂದು ಕಮಿಷನ್: ಬರೆಯುವ ಮಕ್ಕಳ ಮನೆಯವರು ಅರಿಯಬೇಕಾದ ಲೆಕ್ಕ

ಜಾಲತಾಣದಲ್ಲಿ ಬರೆದು ಹಣ ಗಳಿಸಬಹುದೆಂಬ ಮಾತು ಹೊಸೂರು, ಡೆಂಕಣಿಕೋಟೆ ಭಾಗದ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿ ಹೊರಬಂದ ಯುವಜನರ ಕಿವಿಗೂ ಬೀಳುತ್ತಿದೆ. ಮಾತು ಸುಳ್ಳಲ್ಲ. ಆದರೆ ಆ ಹಣ ಯಾರ ಜೇಬಿನಿಂದ ಹೊರಟು ಯಾರ ಕೈ ದಾಟಿ ಬರುತ್ತದೆ ಎಂಬುದನ್ನು ಬಿಡಿಸಿ ಹೇಳುವವರು ಕಡಿಮೆ. ತಮಿಳುನಾಡಿನಲ್ಲಿ ಕನ್ನಡದಲ್ಲೇ ಓದಿದ ಮಗುವಿಗೆ ಆ ಓದಿನಿಂದಲೇ ನಾಲ್ಕು ಕಾಸು ಹುಟ್ಟುವ ದಾರಿಗಳು ಹೆಚ್ಚಿಲ್ಲ. ಇರುವ ದಾರಿಯನ್ನಾದರೂ ಸರಿಯಾಗಿ ತಿಳಿದಿರಬೇಕೆಂಬುದು ನಮ್ಮ ಆಶಯ.

ರಾಯಕೋಟೆಯ ಮಂಡಿಗೆ ಟೊಮೆಟೊ ಹಾಕುವ ರೈತರಿಗೆ ಕಮಿಷನ್ ಹೊಸದಲ್ಲ. ಜಾಲದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಅದೇ. ಬರಹಗಾರನು ಒಂದು ವಸ್ತುವಿನ ಗುಣದೋಷಗಳನ್ನು ಬರೆದು, ಅದು ದೊರೆಯುವ ಅಂಗಡಿಯ ಪುಟಕ್ಕೆ ಕೊಂಡಿ, ಅಂದರೆ ಲಿಂಕ್, ಹಾಕುತ್ತಾನೆ. ಆ ಕೊಂಡಿಯೊಳಗೆ ಅವನ ಗುರುತಿನ ಸಂಖ್ಯೆ ಅಡಗಿರುತ್ತದೆ. ಓದುಗನು ಅದನ್ನು ಒತ್ತಿ ಅಂಗಡಿಗೆ ಹೋದಾಗ ಕುಕಿ ಎಂಬ ಪುಟ್ಟ ಗುರುತು ಅವನ ಫೋನಿನಲ್ಲಿ ಉಳಿಯುತ್ತದೆ. ನಿಗದಿತ ಅವಧಿಯೊಳಗೆ ಅವನು ಕೊಂಡರೆ ಅಂಗಡಿಯು ತನ್ನ ಲಾಭದಿಂದ ಬರಹಗಾರನಿಗೆ ಪಾಲು ಕೊಡುತ್ತದೆ. ಕೊಳ್ಳುವವನಿಗೆ ಬೆಲೆ ಏರುವುದಿಲ್ಲ. ಅಮೆಜಾನ್ ಈ ಪದ್ಧತಿಯನ್ನು 1996ರಲ್ಲೇ ಆರಂಭಿಸಿತು. ಅಲ್ಲಿ ಆ ಅವಧಿ ಸಾಮಾನ್ಯವಾಗಿ 24 ಗಂಟೆ.

ಒಂದೊಂದು ಅಂಗಡಿಯಲ್ಲೂ ಬೇರೆಬೇರೆಯಾಗಿ ನೋಂದಾಯಿಸಿ, ಪ್ರತಿ ಕೊಂಡಿಯನ್ನೂ ಕೈಯಿಂದ ಸಿದ್ಧಪಡಿಸುವುದು ಬೇಸರದ ಕೆಲಸ. ಅದನ್ನು ತಪ್ಪಿಸಲೆಂದೇ ಸ್ವಯಂಚಾಲಿತ ಸೇವೆಗಳು ಹುಟ್ಟಿದವು. ಹೊರದೇಶದಲ್ಲಿ ಸ್ಕಿಮ್‌ಲಿಂಕ್ಸ್, ವಿಗ್‌ಲಿಂಕ್. ನಮ್ಮ ದೇಶದಲ್ಲಿ ಕ್ಯೂಲಿಂಕ್ಸ್. ಇವರು ಕೊಡುವ ಕೆಲವು ಸಾಲುಗಳ ಕೋಡನ್ನು ತನ್ನ ಪುಟದಲ್ಲಿ ಒಮ್ಮೆ ಸೇರಿಸಿದರೆ, ಅಲ್ಲಿನ ಸಾಧಾರಣ ಅಂಗಡಿ ಕೊಂಡಿಗಳು ತಾವಾಗಿಯೇ ಕಮಿಷನ್ ಕೊಂಡಿಗಳಾಗುತ್ತವೆ. ಆದರೆ ಮಂಡಿಯಲ್ಲಿ ಇನ್ನೊಬ್ಬ ದಲ್ಲಾಳಿ ಕುಳಿತಂತಾಯಿತು: ಸ್ಕಿಮ್‌ಲಿಂಕ್ಸ್ ಬಂದ ಕಮಿಷನ್ನಿನಲ್ಲಿ ಶೇ. 25ರಷ್ಟನ್ನು ತಾನು ಹಿಡಿದುಕೊಳ್ಳುತ್ತದೆ.

ಸಾನಮಾವಿನದೇ ಒಂದು ಲೆಕ್ಕ ಹಾಕೋಣ. ಚಳಿಗಾಲದಲ್ಲಿ ಆನೆಯ ಹಿಂಡು ಇಲ್ಲಿನ ಕಾಡಿಗೆ ಬಂದಾಗ ರಾಗಿ ಹೊಲ ಕಾಯುವವರಿಗೆ ಇರುಳಿಡೀ ಉರಿಯುವ ಟಾರ್ಚ್ ಬೇಕು. ಯಾವುದರ ಬ್ಯಾಟರಿ ಬೆಳಗಿನ ಜಾವದವರೆಗೆ ತಡೆಯುತ್ತದೆ, ಯಾವುದು ಇಬ್ಬನಿಗೆ ಕೆಡುತ್ತದೆ ಎಂಬುದು ದೊಡ್ಡ ಪಟ್ಟಣದಲ್ಲಿ ಕುಳಿತು ಬರೆಯುವವನಿಗಿಂತ ಈ ಊರಿನ ಹುಡುಗನಿಗೆ ಚೆನ್ನಾಗಿ ಗೊತ್ತು. (ಟಾರ್ಚ್ ಇರುವುದು ದಾರಿ ಕಾಣಲು, ಆನೆ ಅಟ್ಟಲು ಅಲ್ಲ ಎಂದೂ ಅವನು ಬರೆಯಲಿ.) 800 ರೂಪಾಯಿಯ ಟಾರ್ಚಿಗೆ ಶೇ. 5 ಕಮಿಷನ್ ಎಂದಿಟ್ಟುಕೊಂಡರೆ 40 ರೂಪಾಯಿ. ದಲ್ಲಾಳಿಯ ಕಾಲುಭಾಗ ಕಳೆದರೆ 30. ಸಾವಿರ ಮಂದಿ ಓದಿ, ಐವತ್ತು ಮಂದಿ ಕೊಂಡಿ ಒತ್ತಿ, ಇಬ್ಬರು ಕೊಂಡರೆ ಕೈಗೆ ಬರುವುದು 60 ರೂಪಾಯಿ. ಇದನ್ನು ಸಂಬಳವೆಂದು ನಂಬಿ ಓದನ್ನು ಬಿಡುವಂತಿಲ್ಲ. ಹಾಗೆಂದು ತೆಗೆದುಹಾಕುವಂತೆಯೂ ಇಲ್ಲ, ಏಕೆಂದರೆ ಉಪಯುಕ್ತ ಬರಹವೊಂದು ಪ್ರತಿ ಚಳಿಗಾಲದಲ್ಲೂ ಓದಿಸಿಕೊಳ್ಳುತ್ತದೆ. ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡೂ 2020ರಲ್ಲಿ ಕನ್ನಡದಲ್ಲಿ ವ್ಯವಹರಿಸತೊಡಗಿದ್ದರಿಂದ, ಕನ್ನಡ ಬರಹ ಓದಿದವನು ಕನ್ನಡದ ಅಂಗಡಿ ಪುಟಕ್ಕೇ ಹೋಗಬಹುದು.

ಮನೆಯವರೆಲ್ಲ ಮಗನ ಕೊಂಡಿಯಿಂದಲೇ ಕೊಂಡರಾಯಿತು ಎಂಬ ಉಪಾಯ ನಡೆಯದು. ಸ್ವಂತಕ್ಕಾಗಲಿ, ಬಂಧುಮಿತ್ರರಿಂದಾಗಲಿ ಆದ ಖರೀದಿಗೆ ಅಮೆಜಾನ್ ಕಮಿಷನ್ ಕೊಡುವುದಿಲ್ಲ. ಸೇರಿದ 180 ದಿನಗಳೊಳಗೆ ಮೂರು ಅರ್ಹ ಮಾರಾಟಗಳಾಗದಿದ್ದರೆ ಅಲ್ಲಿನ ಖಾತೆಯೂ ಮುಚ್ಚಿಹೋಗುತ್ತದೆ.

ಯಂತ್ರವು ಕೊಂಡಿಯನ್ನು ಮಾರ್ಪಡಿಸಬಲ್ಲದೇ ಹೊರತು ವಸ್ತು ಚೆನ್ನಾಗಿದೆಯೇ ಎಂದು ನೋಡಲಾರದು. ಆ ಹೊಣೆ ಬರೆದವನದು. ಕಮಿಷನ್ ಹೆಚ್ಚೆಂದು ಕಳಪೆ ಟಾರ್ಚನ್ನು ಹೊಗಳಿದರೆ ಅದನ್ನು ನಂಬಿ ಕತ್ತಲಲ್ಲಿ ಹೊಲಕ್ಕೆ ಹೋಗುವವನು ಪಕ್ಕದ ಮನೆಯವನೇ. ಕಾನೂನೂ ಸುಮ್ಮನಿಲ್ಲ. ಮಾರಾಟಗಾರರೊಂದಿಗೆ ಹಣದ ಸಂಬಂಧವಿದ್ದರೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸೂಚಿಸಿದೆ. ದಾರಿತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿಯವರೆಗೆ ದಂಡವುಂಟು. "ಈ ಕೊಂಡಿಯ ಮೂಲಕ ನೀವು ಕೊಂಡರೆ ನಮಗೆ ಕಮಿಷನ್ ದೊರೆಯುತ್ತದೆ" ಎಂದು ಬರಹದ ತಲೆಯಲ್ಲೇ, ಕನ್ನಡದಲ್ಲೇ ಬರೆದರೆ ಸಾಕು.

ಬರಹಗಾರನಿಗೂ ಮೋಸವಾಗಬಹುದು. ಪೇಪಾಲ್ ಒಡೆತನದ ಹನಿ ಎಂಬ ರಿಯಾಯಿತಿ ಹುಡುಕುವ ಸಾಧನವು ಕೊನೆಯ ಗಳಿಗೆಯಲ್ಲಿ ಇತರರ ಗುರುತನ್ನು ಅಳಿಸಿ ತನ್ನದನ್ನು ಇಡುತ್ತದೆ ಎಂಬ ಆರೋಪ 2024ರ ಡಿಸೆಂಬರಿನಲ್ಲಿ ಎದ್ದು, ಅಮೆರಿಕದ ನ್ಯಾಯಾಲಯದಲ್ಲಿ ದಾವೆಗಳು ಹೂಡಲ್ಪಟ್ಟವು. ಕಂಪನಿ ಆರೋಪವನ್ನು ಅಲ್ಲಗಳೆದಿದೆ.

ಪೋಷಕರು ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಹಣ ಯಾವ ದಿಕ್ಕಿಗೆ ಹರಿಯುತ್ತಿದೆ ಎಂಬುದನ್ನು. ನಿಜವಾದ ಕಮಿಷನ್ ಸೇವೆಗಳು ಸೇರಲು ಶುಲ್ಕ ಕೇಳುವುದಿಲ್ಲ. ಬ್ಯಾಂಕ್ ಖಾತೆ, ಪ್ಯಾನ್ ವಿವರ ಕೇಳುತ್ತವೆ. ಹದಿನೆಂಟು ತುಂಬದವರು ಹಿರಿಯರನ್ನು ಕೇಳದೆ ಮುಂದುವರಿಯಬಾರದು. ಒಟಿಪಿ, ಎಟಿಎಂ ಪಿನ್ ಯಾರಿಗೂ ಬೇಕಿಲ್ಲ. "ಕೊಂಡಿ ಒತ್ತಿದರೆ ದಿನಕ್ಕೆ ಸಾವಿರ" ಎಂದು ಟೆಲಿಗ್ರಾಂ, ವಾಟ್ಸಾಪಿನಲ್ಲಿ ಕರೆದು, ಮೊದಲು ನೂರಿನ್ನೂರು ಕೊಟ್ಟು, ಆಮೇಲೆ ಠೇವಣಿ ಕೇಳುವುದು ಬೇರೆಯೇ ದಂಧೆ. ಇಂತಹ ಅರೆಕಾಲಿಕ ಕೆಲಸದ ವಂಚನೆಗೆ ಬಳಕೆಯಾಗುತ್ತಿದ್ದ ನೂರಕ್ಕೂ ಹೆಚ್ಚು ಜಾಲತಾಣಗಳನ್ನು ಕೇಂದ್ರ ಸರ್ಕಾರ 2023ರ ಡಿಸೆಂಬರಿನಲ್ಲಿ ನಿರ್ಬಂಧಿಸಿತು. ಹಣ ಹೋಗಿದ್ದರೆ ನಾಚಿಕೆಪಟ್ಟು ಮುಚ್ಚಿಡದೆ ಆ ಕ್ಷಣವೇ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಅದು ಖಾತೆಯಿಂದ ಖಾತೆಗೆ ಜಾರುತ್ತಾ ಹೋಗುತ್ತದೆ.